ಸದ್ದಿಲ್ಲದ ದಿನದ ಕಾವಲುಗಾರ

ಮಾರ್ಚ್ 17, ಬೆಳಿಗ್ಗೆ

ಕಾಫಿಗೆ ಸಕ್ಕರೆಯಿಲ್ಲ. ವೈದ್ಯರು ಬೇಡವೆಂದರೆಂದು ಡಬ್ಬಿ ಬಚ್ಚಿಟ್ಟಿದ್ದಾಳೆ ನನ್ನವಳು, ಲುಹ್ ಸರಿಂಗ್. ಮೂವತ್ತು ವರ್ಷ ರಂಗದ ಮೇಲೆ ಮಹಾರಾಜನಾಗಿ ಗುಡುಗಿದವನು ಹೆಂಡತಿಯೆದುರು ಚಮಚ ಹಿಡಿದು ನಿಂತೆ.

“ಪೊಲೀಸಿಂಗ್ ಅಂದ್ರೆ ಇದೇ ಕಣ್ರೀ,” ಅಂದಳು.

ನಾಡಿದ್ದು ನ್ಯೆಪಿ, ನಮ್ಮ ದ್ವೀಪದ ಮೌನದ ಹಬ್ಬ. ಒಲೆ ಹಚ್ಚುವಂತಿಲ್ಲ, ದೀಪವಿಲ್ಲ, ಸದ್ದಿಲ್ಲ, ಬೀದಿಗೆ ಬರುವಂತಿಲ್ಲ. ಕಾವಲಿನವರಿಗೆ ಮಾತ್ರ ಬೀದಿ. ಈ ಸಲ ನಾನೂ ಒಬ್ಬ... ಕಪ್ಪು-ಬಿಳಿ ಚೌಕಳಿ ಪಂಚೆ, ಸೊಂಟದಲ್ಲಿ ಕಠಾರಿ. ಪೊಲೀಸಿಂಗ್ ಅಂದರೇನೆಂದು ಠಾಣೆಯ ಅಧಿಕಾರಿಯನ್ನು ನಿನ್ನೆ ಕೇಳಿದ್ದೆ. “ಹಿಡಿಯೋದಲ್ಲ ಯಜಮಾನ್ರೇ. ಹಿಡಿಯೋ ಪ್ರಸಂಗ ಬರದ ಹಾಗೆ ನೋಡ್ಕೊಳ್ಳೋದು.” ಹಾಗಾದರೆ ಕಠಾರಿ ಯಾಕೆ? ಯೋಚಿಸಬೇಕು.

ಮಾರ್ಚ್ 20, ಬೆಳಿಗ್ಗೆ 7

ಕೆಟ್ಟೆ. ನಿನ್ನೆ ಮಧ್ಯಾಹ್ನ. ನಾಯಿಯೂ ಬೊಗಳದ ಬೀದಿ. ನೆರೆಮನೆ ಸುಕ್ರಿಯ ಅಡುಗೆಮನೆಯಿಂದ ಹೊಗೆ! ಬಾಯಿಗೆ ಮೊದಲು ಬಂದದ್ದು ರಾಜನ ಮಾತು — “ಯಾರಲ್ಲಿ?” ಇಡೀ ಕೇರಿ ನಡುಗಿತು. ಮೌನ ಕಾಯಬೇಕಾದವನೇ ಮೌನ ಮುರಿದೆ.

ಸುಕ್ರಿ ಬಾಗಿಲಿಗೆ ಬಂದು ಕೈಮುಗಿದಳು. “ಅಣ್ಣಾ, ಅತ್ತೆಗೆ ಹಲ್ಲಿಲ್ಲ. ನಿನ್ನೆಯ ಅನ್ನ ಹಳಸಿತ್ತು. ಒಂದು ಲೋಟ ಗಂಜಿ, ಅಷ್ಟೇ.” ಬುಧವಾರ ಅವಳ ಮಗಳ ಮದುವೆ. ಈ ಹೊಗೆ ಪಂಚಾಯ್ತಿಗೆ ಹೋದರೆ ಕೇರಿಯ ಒಬ್ಬನೂ ಅಲ್ಲಿ ಈರುಳ್ಳಿ ಹೆಚ್ಚಲು ಬರುವುದಿಲ್ಲ. ಕೇರಿ ಬಾರದ ಮದುವೆ ಮದುವೆಯೇ ಅಲ್ಲ.

ಮಾರ್ಚ್ 22

ಸಭೆ. ಕೇರಿಯ ಮುಖಂಡ ಮೂರ್ಡ ಕೇಳಿದ: “ಏನು ಕಂಡು ಕೂಗಿದ್ರಿ?”

ಎದ್ದೆ. ಸುಕ್ರಿ ನೆಲ ನೋಡುತ್ತಿದ್ದಳು.

“ಏನೂ ಇಲ್ಲ. ಖಾಲಿ ಬೀದಿ ರಂಗದ ಥರ ಕಾಣಿಸ್ತು. ಹಳೇ ಚಟ.”

“ಮುದುಕನಿಗೆ ಇನ್ನೂ ಕಿರೀಟ ಇಳಿದಿಲ್ಲ,” ಯಾರೋ ಅಂದರು. ನಕ್ಕರು. ಪಂಚೆ, ಕಠಾರಿ ಒಪ್ಪಿಸಿ ಬಂದೆ. ಒಂದೇ ದಿನದ ಕಾವಲು... ಇರಲಿ.

ಮಾರ್ಚ್ 25, ಸಂಜೆ

ಮದುವೆ ಮುಗಿಯಿತು. ಕೇರಿಗೆ ಕೇರಿಯೇ ಬಂದಿತ್ತು. ನನ್ನ ಪಕ್ಕ ತೆಂಗು ತುರಿಯುತ್ತ ಮೂರ್ಡ ಮೆಲ್ಲಗೆ ಅಂದ: “ಗಂಜಿ ಸೀದ ವಾಸನೆ ನಮ್ಮನೆಗೂ ಬಂದಿತ್ತು. ಪಕ್ಕದವರಿಗೂ. ಎಲ್ರೂ ಕಿಟಕಿ ಮುಚ್ಕೊಂಡ್ವಿ. ನೀವು ಕೂಗಿದಾಗ ಜೀವ ಬಾಯಿಗೆ ಬಂತು ನೋಡಿ.”

“ಮತ್ತೆ ಸಭೇಲಿ ಕೇಳಿದ್ರಲ್ಲ?”

“ನೀವು ಏನು ಹೇಳ್ತೀರಿ ಅಂತ ನೋಡ್ಬೇಕಿತ್ತು.”

ಅಂದರೆ ಬೀದಿಯಲ್ಲಿ ಗಸ್ತು ತಿರುಗಿದವನು ನಾನು. ಆದರೆ ಅವತ್ತು ಕಾವಲು ಕಾಯುತ್ತಿದ್ದವರು ಮುಚ್ಚಿದ ಕಿಟಕಿಗಳ ಹಿಂದಿದ್ದರು.