ಮಗಳ ಹೆಸರಿನ ಡಬ್ಬಿ

ನಲ್ಲೂರು, ೧೪-೩-೧೯೬೮

ಕ್ಷಯ ಸಂಶೋಧನಾ ಕೇಂದ್ರದ ಡಾಕ್ಟರ್ ಸಾಹೇಬರಿಗೆ ದ್ಯಾವಮ್ಮ ಕೈಮುಗಿದು ಬರೆಯುವುದು.

ನಿಮ್ಮವರು ಕಫ ಪರೀಕ್ಷೆಗೆ ಕೊಟ್ಟಿದ್ದ ಡಬ್ಬಿಯನ್ನು ನನ್ನ ಮಗಳು ತುಂಬಿಸಿಟ್ಟಿದ್ದಳು. ಆ ವಾರವೇ ಅವಳನ್ನು ನೋಡಲು ಗಂಡಿನವರು ಬರುವುದಿತ್ತು. ಅವಳಿಗೋ ಬಿಡದ ಕೆಮ್ಮು. ಹೆದರಿ, ಅವಳಿಗೆ ತಿಳಿಯದಂತೆ ಡಬ್ಬಿ ತೊಳೆದು ನನ್ನ ಕಫ ತುಂಬಿಸಿ ಕೊಟ್ಟೆ.

ಸೋಮವಾರ ನಿಮ್ಮ ಜೀಪು ಬಂತು. "ನಿಮ್ಮ ಮಗಳಿಗೆ ಕ್ಷಯ ಐತಮ್ಮ, ಮಾತ್ರೆ ತಪ್ಪಿಸ್ಬ್ಯಾಡಿ" ಅಂದರು. ಆ ರೋಗ ನನ್ನದು ಸಾಹೇಬರೇ. ಮಾತ್ರೆ ಅವಳಿಗೂ ಕೊಟ್ಟಿಲ್ಲ, ನಾನೂ ನುಂಗಿಲ್ಲ.

ದಯವಿಟ್ಟು ಅವಳಿಗೆ ಬೇರೆ ಡಬ್ಬಿ ಕಳಿಸಿ. ಜೀಪನ್ನು ಹುಣಸೇತೋಪಿನಲ್ಲೇ ನಿಲ್ಲಿಸಿ ನಿಮ್ಮವರು ನಡೆದು ಬರಲಿ. ಬೇಗ ಬರಲಿ.

ಅಂದಿನಿಂದ ನಾನು ಕೊಟ್ಟಿಗೆಯಲ್ಲಿ ಮಲಗುತ್ತಿದ್ದೇನೆ. "ನನ್ ಕಾಯ್ಲೆಗೆ ಹೆದ್ರಿಕೊಂಡ್ಯಾ ಅವ್ವಾ?" ಅಂತ ಮಗಳು ದಿನಾ ಕೇಳುತ್ತಾಳೆ.

ತಪ್ಪು ಮಾಡಿದ,
ದ್ಯಾವಮ್ಮ