ವೊರೋಖ್ತಾದ ಏರಿನಲ್ಲಿ ಸೋತದ್ದು

ಫೆಬ್ರವರಿ ೯, ವೊರೋಖ್ತಾ

ಇವತ್ತು ಸೋತೆ. ಅದೇನೂ ದೊಡ್ಡದಲ್ಲ. ಸೋತೆನೆಂದು ಯಾರೂ ನಂಬುತ್ತಿಲ್ಲ, ಅದೇ ಕಿರಿಕಿರಿ.

ಹಿಮದ ಮೇಲಿನ ಸ್ಕೀ ಓಟದ ವಿಶ್ವ ಚಾಂಪಿಯನ್‌ಷಿಪ್‌ಗೆ ಈ ಸಲ ನಮ್ಮ ಉಕ್ರೇನಿನಿಂದ ಒಬ್ಬಳಿಗೇ ಜಾಗ. ಇಷ್ಟು ವರ್ಷ ಹೋಗುತ್ತಿದ್ದವಳು ನಾನು. ಲಾಹ್ತಿ, ಫಾಲುನ್, ಎಲ್ಲ ಕಡೆಯೂ ಸ್ಕೀ ಓಡಿದೆ. ಒಮ್ಮೆಯೂ ಮೊದಲ ಹತ್ತರೊಳಗೆ ಬರಲಿಲ್ಲ. ಇವತ್ತಿನ ಆಯ್ಕೆ ಓಟದಲ್ಲಿ, ಕೊನೆಯ ಏರಿನಲ್ಲಿ, ವಸಿಲೀನಾ ನನ್ನನ್ನು ದಾಟಿ ಹೋದಳು. ಅವಳಿಗೆ ಸ್ಕೀ ಕಲಿಸಿದವಳೂ ನಾನೇ.

ತರಬೇತುದಾರ ಓಸ್ತಾಪ್ ಹೆಗಲು ತಟ್ಟಿದರು. "ಹುಡುಗಿಗೆ ದಾರಿ ಬಿಟ್ಟುಕೊಟ್ಟೆಯಲ್ಲ, ದೊಡ್ಡ ಮನಸ್ಸು ಕಣಮ್ಮ ನಿಂದು." ಶಿಬಿರದ ಊಟದ ಮನೆಯಲ್ಲಿ ಬೋರ್ಷ್ ಸಾರು ಬಡಿಸುವ ಪರಾಸ್ಕಾ ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ನಾನು ಇನ್ನೊಂದು ಸೌಟು ಹಾಕಿಸಿಕೊಂಡು ಉಂಡೆ. ಪುಕ್ಕಟೆ ಸಿಕ್ಕ ಮರ್ಯಾದೆಯನ್ನು ಬೇಡವೆನ್ನಲು ಬಾಯಿ ಬರಲಿಲ್ಲ.

ಸಂಜೆ ವಸಿಲೀನಾ ನನ್ನ ಕೋಣೆಗೆ ಬಂದಳು, ಮುಖ ಗಂಟಿಕ್ಕಿಕೊಂಡು.

"ಅಕ್ಕಾ, ನಿಜ ಹೇಳಿ. ಬೇಕಂತ್ಲೇ ನಿಧಾನ ಮಾಡಿದ್ರಾ?"

"ಯಾಕೆ?"

"ಹಂಗಿದ್ರೆ ನಾನು ಹೋಗಲ್ಲ. ನೀವೇ ಹೋಗಿ. ನಂಗೆ ಭಿಕ್ಷೆ ಬೇಡ."

ಹೌದು ಎಂದಿದ್ದರೆ ಸಾಕಿತ್ತು, ಜಾಗ ಮತ್ತೆ ನನ್ನದು. ಆ ಯೋಚನೆ ಬಂದದ್ದು ನಿಜ. ಸ್ವಲ್ಪ ಹೊತ್ತು ಇದ್ದದ್ದೂ ನಿಜ.

"ಇಲ್ಲ ಕಣೇ. ಪ್ರಾಣ ಹೋಗೋ ಹಂಗೆ ಓಡಿದೆ. ನಿನ್ನ ಹಿಡಿಯೋಕೆ ಆಗ್ಲಿಲ್ಲ."

"ಒಂಚೂರೂ ಬಿಟ್ಟುಕೊಡ್ಲಿಲ್ವಾ?"

"ಒಂಚೂರೂ ಇಲ್ಲ."

ಅವಳು ನನ್ನ ಹಾಸಿಗೆಯ ಮೇಲೇ ಹತ್ತಿ ಕುಣಿದಳು. ಸೋತವಳು ಎದುರಿಗೇ ಕೂತಿದ್ದೇನೆಂಬ ಪರಿವೆಯೂ ಇರಲಿಲ್ಲ. ಈಗ ಬೇಸರವಾಗುತ್ತದೆ ಎಂದು ಕಾದೆ. ಆಗಲಿಲ್ಲ. ಮಂಚ ಮುರಿದೀತು ಇಳಿಯೇ ಎಂದೆ, ಅಷ್ಟೆ.

ನಾಳೆ ಓಸ್ತಾಪ್‌ಗೂ ನಿಜ ಹೇಳಿಬಿಡಬೇಕು, ಇಲ್ಲವೇ ಈ ಪುಕ್ಕಟೆ ಮರ್ಯಾದೆ ನನಗೆ ಒಗ್ಗಿಬಿಡುತ್ತದೆ.