ಮಗು ಮಲಗುವಷ್ಟು ಅಗಲದ ಗೊಬ್ಬರದ ತೊಟ್ಟಿ

ಹಳ್ಳಿಮೈಸೂರು
೧೮-೧೧-೨೦೨೪, ಸೋಮವಾರ

ಪ್ರೀತಿಯ ರೂಪಾ,

ಹೇಗಿದ್ದೀಯಮ್ಮಾ? ತಲೆಗೆ ಬಟ್ಟೆ ಕಟ್ಟಿಕೊಂಡಿದ್ದೀಯ ತಾನೆ? ಆಸ್ಪತ್ರೆಯವರು ಫ್ಯಾನು ಹಾಕಿ ಹೋಗಿಬಿಡ್ತಾರೆ, ಅವರಿಗೇನು, ಹೆತ್ತಿರೋದು ನೀನು. ಕಿವಿಗೆ ಹತ್ತಿ ಇಟ್ಟುಕೋ, ಕುಡಿಯೋ ನೀರು ಬಿಸಿಯಾಗಿರಲಿ. ಎದೆ ಕಟ್ಟಿಕೊಂಡು ನೋಯುತ್ತೆ ಅಂತ ನಿಮ್ಮತ್ತಿಗೆ ಮೇಘಶ್ರೀ ಹತ್ತಿರ ಅಂದೆಯಂತೆ. ಬಿಸಿನೀರಿಗೆ ಬಟ್ಟೆ ಅದ್ದಿ ಶಾಖ ಕೊಟ್ಟುಕೋ, ಹಾಲು ಹಿಂಡಿ ನರ್ಸಮ್ಮ ಕೇಳಿದಾಗಲೆಲ್ಲ ಕೊಡು. ಕಮ್ಮಿ ಬರುತ್ತೆ ಅಂತ ಅಳಬೇಡ, ಅತ್ತರೆ ಇನ್ನೂ ಕಮ್ಮಿಯಾಗುತ್ತೆ. ನನ್ನ ಕೆಮ್ಮು ಬಿಟ್ಟಿಲ್ಲ. "ಕೆಮ್ಮೋರು ಒಳೀಕ್ ಬರ್ಬ್ಯಾಡಿ, ಕೂಸುಗಳವೆ" ಅಂತ ಆ ನರ್ಸ್ ಹುಡುಗಿ ನನ್ನನ್ನ ಆಸ್ಪತ್ರೆ ಬಾಗಿಲಲ್ಲೇ ತಡೆದು ಕಳಿಸಿದ್ದು ನೆನೆದರೆ ಹೊಟ್ಟೆ ಉರಿಯುತ್ತೆ, ಆದರೂ ಅವಳು ಹೇಳಿದ್ದು ಸರಿಯೇ. ಹೆತ್ತ ಮಗಳ ಬಾಣಂತನ ನಿಮ್ಮತ್ತೆಯ ಮೇಲೆ ಹಾಕಿ, ಇಲ್ಲಿ ಮೆಣಸಿನ ಕಷಾಯ ಕುಡೀತಾ ಕೂತಿದ್ದೀನಿ. ಫೋನಿನಲ್ಲಿ ಮಾತಾಡಿದರೆ ನೀನು ಅಳ್ತೀಯ, ನಿನ್ನ ದನಿ ಕೇಳಿ ನಾನೂ ಅಳ್ತೀನಿ, ಹೇಳಬೇಕಾದ್ದು ಹಾಗೇ ಉಳಿಯುತ್ತೆ. ಅದಕ್ಕೆ ಬರೀತಿದ್ದೀನಿ. ಮೇಘಶ್ರೀ ನಾಳೆ ಊಟದ ಕ್ಯಾರಿಯರ್ ಜೊತೆ ಇದನ್ನೂ ತರ್ತಾಳೆ.

ಇಲ್ಲೊಂದು ಅನಾಹುತ ಆಗಿಹೋಗಿದೆ. ನಿಮ್ಮಣ್ಣ ಅನಿಲನಿಗೆ ಡಾಕ್ಟರು ಹೇಳಿದರಂತೆ, ಗಾಜಿನ ಪೆಟ್ಟಿಗೆಯಿಂದ ಮಗು ಹೊರಗೆ ಬಂದ ಮೇಲೆ ಮನೆ ಬಲು ಚೊಕ್ಕಟವಾಗಿರಬೇಕು, ನೊಣ ಸೊಳ್ಳೆ ಇರಕೂಡದು ಅಂತ. ಡಾಕ್ಟರು ಅಷ್ಟು ಹೇಳಿದ್ದೇ ಸಾಕು ಅವನಿಗೆ. ನಾನು ಕೆಮ್ಮಿನ ಔಷಧಿಗೆ ಹೊಳೆನರಸೀಪುರಕ್ಕೆ ಹೋಗಿದ್ದ ಹೊತ್ತು ನೋಡಿ ಜೆಸಿಬಿ ತರಿಸಿ, ಹಿತ್ತಲ ತಿಪ್ಪೆಯನ್ನ ಬುಡಸಮೇತ ಎತ್ತಿ ಟ್ರ್ಯಾಕ್ಟರಿಗೆ ತುಂಬಿಸಿ ಹೊಲಕ್ಕೆ ಹೊಡೆದುಬಿಟ್ಟಿದ್ದಾನೆ. ನಾನು ಬಂದು ನೋಡ್ತೀನಿ, ಹಿತ್ತಲು ಬೋಳು. ಮೇಲೆ ಬ್ಲೀಚಿಂಗ್ ಪೌಡರ್ ಬೇರೆ. ಮಹಾರಾಯ ಹಲ್ಲು ಕಿರಿದು ನಿಂತಿದ್ದ. "ನೋಡವ್ವಾ ಎಂಗದೆ! ಒಂದ್ ನೊಣ ತೋರ್ಸು ನೋಡಾನ. ಇಲ್ಲೊಂದು ಸಣ್ಣ ತ್ವಾಟ ಮಾಡಾನ, ಕಸಕ್ಕೆ ಮುಚ್ಚಳ ಇರೋ ಕಾಂಪೋಸ್ಟ್ ಬಿನ್ ತಂದಿಡಾನ" ಅಂದ. ಸೋದರಸೊಸೆ ಬರ್ತಾಳೆ ಅಂತ ಮಾಡಿದ್ದು ಕಣೆ, ಬಯ್ಯೋಕೂ ಬಾಯಿ ಬರಲಿಲ್ಲ.

ನಿನಗೂ ನಾನು ಹೇಳಿರಲಿಲ್ಲ, ಈಗ ಹೇಳ್ತೀನಿ. ಒಂದರ ಹಿಂದೆ ಒಂದು ಕೂಸು ಹೋದ ಮನೆಯಲ್ಲಿ ಮತ್ತೆ ಮಗು ಹುಟ್ಟಿದರೆ, ಅದನ್ನ ಮನೆಯೊಳಗೆ ತರೋ ಮುಂಚೆ ಮೊರದಲ್ಲಿ ಹಾಕಿ ತಿಪ್ಪೆ ಮೇಲೆ ಮಲಗಿಸ್ತಾರೆ. ಬೇರೆ ಮನೆಯ ಹೆಂಗಸೊಬ್ಬಳು ಬಂದು "ಅಯ್ಯೋ, ಯಾರ್ದೋ ಕೂಸು ತಿಪ್ಪೇಲಿ ಬಿದ್ದದೆ" ಅಂತ ಎತ್ತಿಕೊಳ್ತಾಳೆ. ಹೆತ್ತವಳು ನನ್ನದಲ್ಲ ಅಂತ ಮುಖ ತಿರುಗಿಸಬೇಕು. ಆಮೇಲೆ ಒಂದು ಸೇರು ತೌಡು ಕೊಟ್ಟು ಅವಳ ಕೈಯಿಂದ ಕೊಂಡುಕೊಳ್ಳಬೇಕು. ಬಿಸಾಕಿದ ಮಗು, ತೌಡಿಗೆ ಬಂದ ಮಗು, ಇದನ್ನ ಯಾರು ಒಯ್ಯುತ್ತಾರೆ ಅಂತ ಸಾವು ಮುಂದೆ ಹೋಗುತ್ತಂತೆ. ನಿಮ್ಮಪ್ಪನ ಹೆಸರು ಸುಮ್ಮನೆ ಬಂದದ್ದಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆದರೆ ದೋಷವಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೀನಿ: ತಿಪ್ಪೇಗೌಡ. ಅವರ ಮುಂಚೆ ಮೂವರು ಹೋಗಿದ್ದರು. ಇವರು ಅದೇ ತಿಪ್ಪೆ ಮೇಲೆ ಮಲಗಿ ಎದ್ದು ಬಂದು, ಎಪ್ಪತ್ತು ದಾಟಿದರೂ ಮುದ್ದೆ ಚಿಕ್ಕದಾಯ್ತು ಅಂತ ನನ್ನ ಮೇಲೆ ರೇಗ್ತಾರೆ. ಕೇಳಿದರೆ "ನಾನ್ ಬದ್ಕಿದ್ದು ತಿಪ್ಪೆಯಿಂದಲ್ಲ ಕಣೆ, ನಮ್ಮವ್ವನ ಎದೆ ಆಲಿಂದ" ಅಂತಾರೆ. ಇರಬಹುದು. ನಾನು ಇದನ್ನ ನಂಬ್ತೀನೋ ಇಲ್ಲವೋ ನನಗೇ ತಿಳಿಯದು. ನಂಬದೆ ಇರೋ ಧೈರ್ಯ ಮಾತ್ರ ನನಗಿಲ್ಲ. ನಿನ್ನ ಎರಡು ಮಕ್ಕಳನ್ನ ಕಳೆದುಕೊಂಡ ಮೇಲೆ ಯಾವ ಧೈರ್ಯವೂ ಉಳಿದಿಲ್ಲ.

ಊರಲ್ಲಿ ತಿಪ್ಪೆಗೇನು ಬರವೇ ಅಂತ ನೀನು ಕೇಳಬಹುದು. ಬೇರೆಯವರ ತಿಪ್ಪೆ ಆಗೋಲ್ಲಮ್ಮ. ನಮ್ಮ ಒಲೆಯ ಬೂದಿ, ನಮ್ಮ ಅಂಗಳದ ಕಸ ಬಿದ್ದ ಜಾಗವೇ ಆಗಬೇಕು. ಇಲ್ಲದಿದ್ದರೆ ನಾವೇ ಬಿಸಾಕಿದ್ದು ಅಂತ ಹೇಗಾಗುತ್ತೆ? ಇದನ್ನೆಲ್ಲ ಅನಿಲನಿಗೆ ಹೇಳಿದಾಗ ಅವನ ಮುಖ ನೋಡೋ ಹಾಗಿರಲಿಲ್ಲ. "ನಂಗೊತ್ತಿರ್ನಿಲ್ಲ ಕಣವ್ವ, ವಾಪಸ್ ತಂದ್ ಸುರೀಲಾ?" ಅಂದ. ಎಲ್ಲಿಂದ ತರ್ತಾನೆ, ಅಷ್ಟರಲ್ಲಿ ನೇಗಿಲು ಹೊಡೆದು ಮಣ್ಣಿಗೆ ಸೇರಿಸಿಯಾಗಿತ್ತು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅವನ ಹಟದಂತೆ ತೊಟ್ಟಿಯೇ ತರೋದು, ಆದರೆ ಅದರಲ್ಲಿ ಮಗುವನ್ನ ಮಲಗಿಸೋಕೆ ಬರಬೇಕು. ಹಾಗಾಗಿ ನಿನ್ನೆ ಭಾನುವಾರ ನಿಮ್ಮವ್ವ ಕಾರಿನಲ್ಲಿ ಕೂತು ಗೊಬ್ಬರದ ತೊಟ್ಟಿ ಆರಿಸೋಕೆ ಹೊರಟಳು. ಹಾಸನಕ್ಕೇ ಬಂದು, ನಿನ್ನ ಆಸ್ಪತ್ರೆಯ ರಸ್ತೆ ಬಂದಾಗ ಕಿಟಕಿಯ ಕಡೆ ನೋಡದೆ ಹೋದೆ. ನೋಡಿದ್ದರೆ ಇಳಿದುಬಿಡ್ತಿದ್ದೆ.

ಹಾಸನದ ಅಂಗಡಿಯಲ್ಲಿ ಹಸಿರು ಪ್ಲಾಸ್ಟಿಕ್ಕಿನ ಡ್ರಮ್ಮು ತೋರಿಸಿದರು. ಕೆಳಗೆ ನಲ್ಲಿ, ಮೇಲೆ ಮುಚ್ಚಳ, ಸುತ್ತ ಗಾಳಿಗೆ ತೂತು. ಅನಿಲನಿಗೆ ಅದೇ ಇಷ್ಟ. ನಾನು ಬಗ್ಗಿ ನೋಡಿದೆ, ಒಳಗೆ ಕತ್ತಲು. ಬಾವಿಯಂಥದ್ದರಲ್ಲಿ ಕೂಸನ್ನ ಯಾವಳು ಇಳಿಸ್ತಾಳೆ? ಒಂದರ ಮೇಲೊಂದು ಕೂರಿಸೋ ಮಣ್ಣಿನ ಮಡಕೆಗಳಿದ್ದವು, ನೋಡೋಕೆ ಲಕ್ಷಣವಾಗಿದ್ದವು, ಬಾಯಿ ಮಾತ್ರ ತೆಂಗಿನಕಾಯಿ ಹಿಡಿಸುವಷ್ಟು. ಅಲ್ಲಿಂದ ಚನ್ನರಾಯಪಟ್ಟಣಕ್ಕೆ ಹೋದೆವು, ಅಲ್ಲಿ ಅನಿಲನ ಪರಿಚಯದ ಷಡಕ್ಷರಿ ಅಂತ, ಸಿಮೆಂಟ್ ಸಾಮಾನು ಮಾಡ್ತಾರೆ. ಬಾವಿಗೆ ಇಳಿಸೋ ಸಿಮೆಂಟ್ ರಿಂಗುಗಳನ್ನೇ ಗೊಬ್ಬರಕ್ಕೂ ಕೊಡ್ತಾರಂತೆ. ತಳವಿಲ್ಲ, ಮಣ್ಣಿನ ಮೇಲೆ ಕೂರಿಸಿದರಾಯ್ತು. ಗಿಡ್ಡದೊಂದು ಕಣ್ಣಿಗೆ ಬಿತ್ತು. ನಾನು ಮೊಳಕೈ ಚಾಚಿ ಅಳತೆ ನೋಡಿದೆ, ಮೊರ ಇಡೋಕೆ ಆಗುತ್ತಾ ಅಂತ ಇನ್ನೊಂದು ಕಡೆಯಿಂದಲೂ ನೋಡಿದೆ. "ಏನ್ ಆಕ್ತೀರವ್ವಾ ಇದ್ಕೆ, ಸಗಣೀನಾ, ಅಡ್ಗೆಮನೆ ಕಸಾನಾ?" ಅಂತ ಷಡಕ್ಷರಿ ಕೇಳಿದರು. ಕೂಸು ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡು ಎರಡೂ ಅಂದೆ. ಹಿಂದೆ ತಿರುಗಿದರೆ ಅನಿಲ ಇಲ್ಲ. ಕಾರಿನ ಹತ್ತಿರ ಹೋಗಿ ಆ ಕಡೆ ಮುಖ ಮಾಡಿ ನಿಂತಿದ್ದ. ಹತ್ತಿರ ಹೋದಾಗ ಕಣ್ಣು ಕೆಂಪಗಿತ್ತು, ಧೂಳು ಅಂದ. ನಾನೂ ಹೌದು ಅಂದೆ.

ರಿಂಗನ್ನ ನಿನ್ನೆ ಸಂಜೆಯೇ ಕೂರಿಸಿ ಆಯ್ತು. ಮುಚ್ಚಳ ಬೇಕೇ ಬೇಕು ಅಂತ ಅನಿಲ, ಮುಚ್ಚಿದರೆ ತಿಪ್ಪೆ ಹೇಗಾಗುತ್ತೆ ಅಂತ ನಾನು. ಕೊನೆಗೆ ಎತ್ತಿಡೋ ಹಲಗೆ ಮಾಡಿಸೋದು ಅಂತಾಯ್ತು. ಒಲೆಯ ಬೂದಿ, ಅವರೆ ಸಿಪ್ಪೆ, ಗುಡಿಸಿದ ಕಸ ಎಲ್ಲ ಹಾಕಿದೆ, ಒಳಗಿನ ನೆಲವೂ ಮುಚ್ಚಲಿಲ್ಲ. ಇಷ್ಟು ದೊಡ್ಡ ಮನೆ, ಇಷ್ಟೇ ಕಸವಾ ಅಂತ ಬೇಜಾರಾಯ್ತು. ನೆರೆಮನೆ ಬೋರಪ್ಪನ ಕೊಟ್ಟಿಗೆಯಿಂದ ಸಗಣಿ ತರೋಣ ಅಂದುಕೊಂಡೆ, ಆಮೇಲೆ ಅದು ನಮ್ಮದಲ್ಲವಲ್ಲ ಅಂತ ಬಿಟ್ಟೆ. ಗೊಬ್ಬರ ಆಗೋಕೆ ಮೂರು ತಿಂಗಳು ಬೇಕು ಅಂತ ಷಡಕ್ಷರಿ ಅಂದರು. ನನಗೆ ಗೊಬ್ಬರ ಯಾಕೆ, ಮಗು ಬರೋ ಹೊತ್ತಿಗೆ ಒಂದು ಮೊರ ಊರೋಷ್ಟು ಕಸ ಆದರೆ ಸಾಕು. ಬೋರಪ್ಪನ ಹೆಂಡತಿ ಎತ್ತಿಕೊಳ್ಳೋಕೆ ಒಪ್ಪಿದ್ದಾಳೆ, ತೌಡು ಡಬ್ಬಿಯಲ್ಲಿ ತೆಗೆದಿಟ್ಟಿದ್ದೀನಿ. ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ ಹಾಸಿ, ರೆಪ್ಪೆ ಮಿಟುಕಿಸೋಷ್ಟು ಹೊತ್ತು, ಅಷ್ಟೇ. ಡಾಕ್ಟರಿಗೆ ಹೇಳಬೇಡ.

ನಿನ್ನಿಂದ ಒಂದು ಆಗಬೇಕು. ಅಲ್ಲಿಯವರೆಗೆ ಮಗುವಿನ ಮೇಲೆ ಬಹಳ ಆಸೆ ತೋರಿಸಬೇಡ. ಗಾಜಿನ ಪೆಟ್ಟಿಗೆಯ ಹತ್ತಿರ ಹೋದಾಗ ಹೆಚ್ಚು ಹೊತ್ತು ನಿಲ್ಲಬೇಡ, ಚೆನ್ನಾಗಿದೆ ಅನ್ನಬೇಡ, ಯಾರ ಹಾಗಿದೆ ಅಂತ ಲೆಕ್ಕ ಹಾಕಬೇಡ. ಯಾರಾದರೂ ನಿಮ್ಮ ಮಗುವಾ ಅಂತ ಕೇಳಿದರೆ ಸುಮ್ಮನೆ ಎದ್ದು ಬಾ. ಮನಸ್ಸಿನಲ್ಲಿ ನನ್ನದಲ್ಲ, ಯಾರದೋ ಅಂದುಕೋ. ಕಷ್ಟ ಅಂತ ಗೊತ್ತು ಕಣೆ ರೂಪಾ. ಹೆತ್ತವಳಿಗೆ ಇಂಥ ಮಾತು ಬರೆಯೋಕೆ ನನ್ನ ಕೈಗೂ ಹಿತವಾಗಿಲ್ಲ. ಈ ಒಂದನ್ನ ಉಳಿಸಿಕೊಂಡರೆ ಆಮೇಲೆ ಜನ್ಮವೆಲ್ಲ ಮುದ್ದು ಮಾಡುವೆಯಂತೆ.

ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು, ನನ್ನ ಪಾಲಿನ ಕೆಲಸ ಅವರು ಮಾಡ್ತಿದ್ದಾರೆ. ಅಳಿಯ ದೇವರಾಜಪ್ಪನೋರು ರಾಮನಾಥಪುರದಿಂದ ಓಡಾಡಿ ಸೊರಗಿದ್ದಾರಂತೆ, ಅವರಿಗೂ ಊಟ ಮಾಡೋಕೆ ಹೇಳು. ನಿಮ್ಮಪ್ಪ ದಿನಾ ಬೆಳಿಗ್ಗೆ ಯಾರಿಗೂ ಕಾಣದ ಹಾಗೆ ದೇವರಿಗೆ ಹೂ ಇಡ್ತಿದ್ದಾರೆ. ಮನೆದೇವರು ನಿನ್ನ ಮಡಿಲು ಬರಿದು ಮಾಡದಿರಲಿ, ನೀನು ನಗ್ತಾ ಮನೆಗೆ ಬರೋ ಹಾಗಾಗಲಿ.

ನಿನ್ನ ಅವ್ವ,
ಸುಬ್ಬಮ್ಮ

ಮರೆತ ಮಾತು: ಮಂಗಳವಾರ ಬೆಳಿಗ್ಗೆ. ಗಡಿಬಿಡಿಯಲ್ಲಿ ಬರೀತಿದ್ದೀನಿ, ಮೇಘಶ್ರೀ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ಅಳ್ತಾ ನಿಂತಿದ್ದಾಳೆ. ಈಗ ಬಾಯಿಬಿಟ್ಟಳು. ರಾತ್ರಿ ಡಾಕ್ಟರು ಅಳಿಯಂದಿರನ್ನೂ ಅನಿಲನನ್ನೂ ಕರೆದು, ಮಗುವಿನ ತಲೆಯೊಳಗೆ ರಕ್ತ ಇಳಿದಿದೆ, ಉಳಿಯೋಲ್ಲ, ಇವತ್ತೋ ನಾಳೆಯೋ ಅಂದರಂತೆ. ಎಲ್ಲ ಮುಗಿಯೋ ತನಕ ನಿನಗೆ ಹೇಳಬಾರದು ಅಂತ ಗಂಡಸರು ಮಾತಾಡಿಕೊಂಡಿದ್ದಾರೆ. ಹಿಂದಿನ ಎರಡನ್ನೂ ಹಾಗೇ, ನೀನು ಮುಖ ನೋಡೋ ಮೊದಲೇ ಬಟ್ಟೆ ಸುತ್ತಿ ಒಯ್ದರು. ಮೇಲೆ ನಾನು ಬರೆದದ್ದನ್ನೆಲ್ಲ ಬಿಟ್ಟುಬಿಡು ಮಗಳೇ. ಇದನ್ನ ಓದಿದ ತಕ್ಷಣ ಎದ್ದು ಹೋಗು. ಪೆಟ್ಟಿಗೆಯಿಂದ ತೆಗೆದು ಕೈಗೆ ಕೊಡಿ ಅಂತ ಕೇಳು, ಕೊಡದಿದ್ದರೆ ಕೂಗಾಡು, ಯಾರಿಗೂ ಹೆದರಬೇಡ. ರವಿಕೆ ಬಿಚ್ಚಿ ಎದೆಗೆ ಒತ್ತಿ ಹಿಡಿದುಕೋ, ನಿನ್ನ ಮೈಬಿಸಿ ಅದಕ್ಕೆ ತಾಗಲಿ. ಕಣ್ಣು ತುಂಬ ನೋಡು, ಹೆಸರಿಟ್ಟು ಕರಿ, ಎಷ್ಟು ಹೊತ್ತಿದ್ದರೆ ಅಷ್ಟು ಹೊತ್ತು. ಯಾರದು ಅಂತ ಯಾರೇ ಕೇಳಲಿ, ನನ್ನದು ಅನ್ನು.